ಮೊದಲನೆಯವಳ ಬಿಲ್ಲೆ

ಜೂನ್ 11, 1984, ಸೋಮವಾರ

ಗಣಪತಿಯ ಪಾದಕ್ಕೆ ನಮಸ್ಕಾರ. ಏಳು ವಾರಗಳ ಮೇಲೆ ಇವತ್ತು ಮನೆ ಸೇರಿದೆ.

ಈ ನೋಟುಬುಕ್ಕು ಮದರಾಸಿನ ಆಸ್ಪತ್ರೆಯಲ್ಲಿ ಕೊಟ್ಟದ್ದು. ದಿನವೂ ತಿಂದದ್ದನ್ನು ಬರೆದಿಟ್ಟು ಅಕ್ಟೋಬರಿನಲ್ಲಿ ತಂದು ತೋರಿಸಬೇಕಂತೆ. ಮುಂದಿನಿಂದ ತಿಂದದ್ದು ಬರೆಯುತ್ತೇನೆ, ಹಿಂದಿನಿಂದ ನನ್ನ ಮನಸ್ಸಿಗೆ ತೋಚಿದ್ದು. ತಿಂದದ್ದನ್ನು ಡಾಕ್ಟರಿಗೆ ನನ್ನ ತಮ್ಮ ಓದಿ ಹೇಳುತ್ತಾನೆ. ಇದನ್ನು ಅವರು ಓದಬೇಕಾಗಿಲ್ಲ, ತಿರುವಿ ನೋಡಿದರೂ ಅವರಿಗೆ ಕನ್ನಡ ಬಾರದು.

ಹೋಗುವಾಗ ನೂರ ಇಪ್ಪತ್ತೊಂದು ಕೆ.ಜಿ. ಇದ್ದೆ. ಮಂಡಿ ಎರಡೂ ಹೋಗಿದ್ದವು. ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು. ಹೀಗೇ ಇದ್ದರೆ ಇನ್ನು ಎರಡು ವರ್ಷ ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಮದರಾಸಿನಲ್ಲಿ ರೈಲ್ವೆ ಕೆಲಸದಲ್ಲಿರುವ ನನ್ನ ತಮ್ಮ ಕದಿರಪ್ಪ, ಪರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಮೈ ಇಳಿಸುವ ಆಪರೇಷನ್ ಮಾಡುತ್ತಾರೆಂದು ಕರೆಸಿಕೊಂಡ. ಕಾಗದದ ಕಟ್ಟಿಗೆ ಪಿನ್ನು ಹೊಡೆಯುವ ಹಾಗೆ ಹೊಟ್ಟೆಯ ಚೀಲಕ್ಕೆ ಸಾಲಾಗಿ ಪಿನ್ನು ಹೊಡೆದು, ಮೇಲುಗಡೆ ಕೋಳಿಮೊಟ್ಟೆಯಷ್ಟು ಜಾಗ ಬಿಟ್ಟಿದ್ದಾರೆ. ಇನ್ನು ಅಷ್ಟೇ ನನ್ನ ಊಟ. ಕಳಿಸುವ ದಿನ ತೂಕ ಹಾಕಿದರು, ತೊಂಬತ್ತೆಂಟು.

ಅತ್ತೆ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ. ಎರಡೂ ಕಣ್ಣು ಹೋಗಿ ಆರು ವರ್ಷ, ಕಿವಿಯೂ ಅರ್ಧ. ಕಾಲು ಮುಟ್ಟಿದೆ. ನನ್ನ ಕೈ ಹಿಡಿದು ಮಣಿಕಟ್ಟು, ತೋಳು, ಭುಜ ಎಲ್ಲ ಸವರಿ ನೋಡಿ, "ಎವರಮ್ಮಾ ಮೀರು?" ಎಂದರು. ಯಾರಮ್ಮಾ ನೀವು ಎಂದು. ಅತ್ತೆ ತೆಲುಗು ಆಡುವುದು ಹೊರಗಿನವರ ಹತ್ತಿರ. ಮಾಲೂರು ಕಡೆಯಿಂದ ಬಂದ ನನಗೆ ಆಗ ತೆಲುಗು ಬರುತ್ತಿರಲಿಲ್ಲ, ಅದಕ್ಕೇ ಮೂವತ್ತೆರಡು ವರ್ಷವೂ ನನ್ನೊಂದಿಗೆ ಕನ್ನಡವೇ. ಅದೂ ಲೇ, ಕಣೇ ಎಂದೇ ಮಾತು.

"ನಾನು ಅತ್ತೆ, ರತ್ನಿ."

"ಯಾವ ರತ್ನಿ?"

"ನಿಮ್ಮ ಸೊಸೆ ಅತ್ತೆ, ವೆಂಕಟರತ್ನಮ್ಮ."

ಕೈ ಬಿಟ್ಟುಬಿಟ್ಟರು. "ನಮ್ಮ ರತ್ನಿ ಹೋಗಿ ಒಂದೂವರೆ ತಿಂಗಳಾಯ್ತಲ್ಲಮ್ಮಾ. ನಾನು ತಲೆಗೆ ನೀರು ಹಾಕ್ಕೊಂಡಿದ್ದೀನಿ."

ಯಜಮಾನರು ಎಲ್ಲ ಹೇಳಿದರು. ನಾನು ಶ್ರೀನಿವಾಸಪುರದ ಮಗಳ ಮನೆಗೆ ಹೋಗಿದ್ದೇನೆಂದು ಅವರಿಗೆ ಸುಳ್ಳು ಹೇಳಿದ್ದರಂತೆ. ಎದುರುಮನೆ ಶಾಮಲಮ್ಮ ಬಂದು ಹೊಟ್ಟೆ ಕುಯ್ದವರೆ ಅಂತ ನಿಜ ಹೇಳಿಬಿಟ್ಟಳು. ಹೊಟ್ಟೆ ಕುಯ್ಸಿಕೊಂಡು ಬದುಕಿ ಬಂದವರನ್ನು ಅತ್ತೆ ಕಂಡಿಲ್ಲ. ಅವತ್ತೇ ಸಾವಿನ ಸ್ನಾನ ಮಾಡಿದರು. ಅತ್ತು ಮುಗಿಸಿದರು.

"ವಯಸ್ಸಾಯ್ತು. ನಾಲ್ಕು ದಿನ ನಿನ್ನ ಕೈಯಲ್ಲಿ ಉಂಡ್ರೆ ಸರಿಹೋಗ್ತಾಳೆ ಬಿಡು" ಎಂದರು ಯಜಮಾನರು.


ಜೂನ್ 14, ಗುರುವಾರ

ಮುದ್ದೆಯನ್ನು ಅಗಿಯಬೇಕು ಎಂದು ಹೇಳಿ ಕಳಿಸಿದ್ದಾರೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಲ್ಲಿ ಅದ್ದಿ ನುಂಗುವುದು. ನುಂಗಿದೆ. ಎರಡು ತುತ್ತಿಗೆ ಎದೆಯಲ್ಲಿ ಸಿಕ್ಕಿಕೊಂಡು ಹಿತ್ತಿಲಿಗೆ ಓಡಿದೆ. ಇನ್ನು ಅಂಬಲಿ, ಬೇಳೆಕಟ್ಟು, ಮೆತ್ತಗೆ ಬೆಂದ ಅನ್ನ.

ಅತ್ತೆಗೆ ನಾನೇ ಮುದ್ದೆ ಕಟ್ಟಿ ಇಟ್ಟೆ. ಬೆರಳಿನಿಂದ ಒತ್ತಿ, ಉರುಳಿಸಿ, ತಟ್ಟೆ ಹಿಂದಕ್ಕೆ ತಳ್ಳಿದರು. "ಇದು ರತ್ನಿ ಕೈ ಅಲ್ಲ. ಅವಳ ಮುದ್ದೆ ನನ್ನ ಎರಡೂ ಕೈ ತುಂಬ್ತಿತ್ತು."

ನನ್ನ ಕೈ ಸಣ್ಣಗಾಗಿದೆ, ಮುದ್ದೆಯೂ ಸಣ್ಣಗೆ ಬರುತ್ತದೆ. ಕೊನೆಗೆ ಮಗ ಕೊಟ್ಟರೆಂದು ತಿಂದರು.


ಜೂನ್ 24, ಭಾನುವಾರ

ನನಗೊಂದು ಉಪಾಯ ಹೊಳೆದಿತ್ತು. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆ. ಮದುವೆಯಾದ ವರ್ಷ, ನಾದಿನಿಯ ಬಾಣಂತನಕ್ಕೆಂದು ಕಟ್ಟಿಟ್ಟ ಮೆಂತ್ಯದುಂಡೆಯನ್ನೆಲ್ಲ ನಾನು ಕದ್ದು ತಿಂದುಬಿಟ್ಟಿದ್ದೆ. ಇಲಿ ತಿಂದವು ಎಂದು ಅತ್ತೆ ಮಾವನವರ ಮುಂದೆ ಹೇಳಿ ನನ್ನನ್ನು ಉಳಿಸಿದರು. ಅದನ್ನು ಅವರ ಕಿವಿಯ ಹತ್ತಿರ ಹೇಳಿದೆ. ಖುಷಿಯಾಗಿ ತಬ್ಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಅತ್ತೆಯ ಮುಖ ಬಿಳಿಚಿಕೊಂಡಿತು. "ಇದನ್ನ ಅವಳೇ ನಿಮಗೆ ಹೇಳಿದ್ಲಾ? ಹಾಗಾದ್ರೆ ಅವಳು ಹೋಗಿಲ್ಲ, ಇಲ್ಲೇ ಅವಳೆ."

ಅತ್ತೆ ಕೊರಳಿನ ಬಿಲ್ಲೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂತರು.

ಆ ಬಿಲ್ಲೆಯದೊಂದು ಕಥೆ. ಅತ್ತೆ ಎರಡನೆಯ ಸಂಬಂಧದವರು. ಮಾವನವರ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಳು. ಹಾಗೆ ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಮಾಡಿಸಿ ಎರಡನೆಯವಳು ಕೊರಳಿಗೆ ಕಟ್ಟಿಕೊಳ್ಳುವುದು ಈ ಮನೆಯ ಪದ್ಧತಿ. ಉಣ್ಣುವ ಮೊದಲು ಒಂದು ತುತ್ತು ಬಿಲ್ಲೆಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಮೊದಲನೆಯವಳು ಹಸಿದುಕೊಂಡು ಮನೆಯೊಳಗೇ ನಿಲ್ಲುತ್ತಾಳಂತೆ. ಮಾವನವರು ಹೋದಾಗ ಅತ್ತೆ ತಾಳಿ ತೆಗೆದರು, ಬಿಲ್ಲೆ ತೆಗೆಯಲಿಲ್ಲ. ಅರುವತ್ತು ವರ್ಷದಿಂದ ಅವಳಿಗೆ ಉಣಿಸಿಯೇ ಉಣ್ಣುತ್ತಿದ್ದಾರೆ.


ಜುಲೈ 12, ಗುರುವಾರ

ಇವತ್ತು ಒಬ್ಬಳೇ ಮುಳಬಾಗಿಲಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಒಬ್ಬ ಹೆಂಗಸು ತಾನಾಗಿ ನನ್ನ ಪಕ್ಕ ಬಂದು ಕೂತಳು. ಇಷ್ಟು ವರ್ಷ ನನ್ನನ್ನು ಕಂಡರೆ ಕಂಡಕ್ಟರು "ಅಮ್ಮೋರಿಗೆ ಎರಡು ಟಿಕೀಟು" ಅನ್ನುತ್ತಿದ್ದ, ಬಸ್ಸೆಲ್ಲ ನಗುತ್ತಿತ್ತು. ಇವತ್ತು ಟಿಕೀಟು ಹರಿದು ಕೈಗೆ ಕೊಟ್ಟ, ಮುಖ ಕೂಡ ನೋಡಲಿಲ್ಲ. ಯಾರೂ ನೋಡಲಿಲ್ಲ. ದೇವರೇ, ಎಂಥ ಹಗುರ ಅನ್ನಿಸಿತು. ಇಳಿಯುವ ಹೊತ್ತಿಗೆ ಅದೇ ಒಂದು ಥರ ಆಯಿತು. ನಾನು ಬಸ್ಸು ಹತ್ತಿದ್ದು ನಿಜವೇ ಎಂದು ಟಿಕೀಟನ್ನು ತೆಗೆದು ನೋಡಿಕೊಂಡೆ.

ಹಳೆಯ ರವಿಕೆಗಳನ್ನು ಸಣ್ಣಗೆ ಹಿಡಿಸಲು ಗೌಸ್ ಮೊಹಿದ್ದೀನ್ ಸಾಹೇಬರ ಅಂಗಡಿಗೆ ಹೋದೆ. ಹೆಂಗಸರ ಹೊಲಿಗೆ ಅವರ ಹೆಂಡತಿ ರಹಮತುನ್ನೀಸಾದು. ಇಪ್ಪತ್ತು ವರ್ಷದಿಂದ ನನ್ನ ಅಳತೆ ಆಕೆಗೆ ಬಾಯಿಪಾಠ. ಹಳೆಯ ರವಿಕೆ ಬಿಚ್ಚಿ ಹಿಡಿದು, "ಇದು ಬೈರಕೂರು ಕಡೆ ರತ್ನಮ್ಮನೋರದು. ನೀವು ಅವರ ತಂಗೀನಾ?" ಎಂದಳು.

"ನಾನೇ ರೀ."

ಟೇಪು ಕೆಳಗೆ ಬಿತ್ತು. "ಯಾ ಅಲ್ಲಾ! ಇದರಲ್ಲಿ ಎರಡು ರವಿಕೆ ಬರ್ತದೆ ಕಣ್ರೀ ಅಮ್ಮಾ. ಒಂದು ನಿಮಗೆ, ಒಂದು ನನಗೆ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅಳತೆ ತೆಗೆದುಕೊಳ್ಳುವಾಗ ತೋಳಿನಲ್ಲಿ ಜೋತುಬಿದ್ದ ಚರ್ಮವನ್ನು ಮಗುವಿನ ಕೆನ್ನೆ ಮುಟ್ಟುವ ಹಾಗೆ ಮುಟ್ಟಿದಳು.

ಹಳೆಯ ರವಿಕೆಗಳಲ್ಲಿ ಒಂದನ್ನು ಮಾತ್ರ ಹಿಡಿಸಲು ಕೊಡದೆ ವಾಪಸು ತಂದೆ. ಯಾಕೆ ಎಂದು ಆಕೆ ಕೇಳಿದಳು. ಇರಲಿ ಎಂದೆ.


ಜುಲೈ 20, ಶುಕ್ರವಾರ

ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿವೆ. ಮೈಯ ಪೊರೆ ಕಳಚಿ ಹೊಸ ಚರ್ಮದಲ್ಲಿ ಗಬಗಬ ತಿನ್ನುವ ಹೊತ್ತು. ಸೊಪ್ಪು ಹೊತ್ತುಕೊಂಡು ಹುಳುಮನೆಗೆ ಹೊರಟೆ. ಆ ಕೋಣೆಗೆ ಹೊರಗಿನವರು ಕಾಲಿಟ್ಟರೆ ಹುಳುವಿಗೆ ಕೇಡು, ಯಾರನ್ನೂ ಬಿಡುವುದಿಲ್ಲ.

ಬಾಗಿಲಲ್ಲಿ ಯಜಮಾನರು, "ನೀನು ಇವತ್ತು ಒಳಗೆ ಬರಬೇಡ" ಎಂದರು.

"ಯಾಕೆ?"

"ಅಮ್ಮ ಹೇಳಿದ್ಲು." ನನ್ನ ಮುಖ ನೋಡದೆ ಸೊಪ್ಪಿನ ಹೊರೆ ಇಸಿದುಕೊಂಡರು. "ಅವಳ ಸಮಾಧಾನಕ್ಕೆ ಕಣೇ."

ಬಾಗಿಲ ಹೊರಗೆ ಕೂತು ಹುಳು ತಿನ್ನುವ ಸದ್ದು ಕೇಳಿದೆ. ಸಣ್ಣ ಮಳೆಯ ಹಾಗೆ. ಎಷ್ಟು ತಿನ್ನುತ್ತವೆ!


ಆಗಸ್ಟ್ 5, ಭಾನುವಾರ

ಎದುರುಮನೆ ಶಾಮಲಮ್ಮನ ಬಾಯಿಗೆ ಬೀಗವಿಲ್ಲ. ನಿನ್ನೆ ಜಗಲಿಯ ಮೇಲೆ ನಾಲ್ಕು ಜನರೆದುರು, "ನಮ್ಮ ಚನ್ನರಾಯಪ್ಪಣ್ಣ ಈ ವಯಸ್ಸಲ್ಲಿ ಹೊಸ ಹೆಂಡ್ತೀನ ತಂದವ್ರೆ, ಊಟಾನೇ ಹಾಕ್ಬೇಕಾಗಿಲ್ಲ!" ಎಂದು ಯಜಮಾನರನ್ನು ಕಿಚಾಯಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಂಚದ ಮೇಲಿದ್ದ ಅತ್ತೆಗೆ ಅಷ್ಟು ಮಾತ್ರ ಸ್ಪಷ್ಟವಾಗಿ ಕೇಳಿಸಿತು ಎಂದು ಕಾಣುತ್ತದೆ. ಇವತ್ತು ಬೆಳಿಗ್ಗೆ ನನ್ನನ್ನು ಕರೆದು ಕೂರಿಸಿಕೊಂಡು ತಲೆ ಸವರಿದರು. ಜೂನ್ ತಿಂಗಳಿಂದ ಮೊದಲ ಸಲ.

"ಅದನ್ನ ಮೊದಲೇ ಹೇಳಬಾರದೇನಮ್ಮಾ? ನನ್ನ ಮಗನಿಗೆ ನಾಚಿಕೆ. ನಿಮಗೇನು? ನಾನೂ ಎರಡನೆಯವಳಾಗೇ ಈ ಹೊಸಿಲು ದಾಟಿದ್ದು."

ಎರಡನೆಯವಳಲ್ಲ ಎಂದು ಹೇಳಬೇಕಿತ್ತು. ಆ ಕೈ ತಲೆಯ ಮೇಲಿತ್ತು, ಹೇಳಲಿಲ್ಲ.

ಮಧ್ಯಾಹ್ನ ಯಜಮಾನರು ತೋಟದಲ್ಲಿದ್ದರು. ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಡುಗೆಮನೆಯಲ್ಲಿ ಯಾರೋ ಓಡಾಡುವ ಸದ್ದು. ಕಲ್ಲಿನ ಚಪ್ಪಡಿ ಮೇಲೆ ದಿಮ್ ದಿಮ್ ಎಂದು ಭಾರದ ಕಾಲು. ಶಾಮಲಮ್ಮನ ಮನೆಯಲ್ಲಿ ರಾಗಿ ಕುಟ್ಟುತ್ತಿರಬೇಕು ಎಂದುಕೊಂಡೆ. ಪಡಸಾಲೆಯಿಂದ ಅತ್ತೆ, "ಲೇ ರತ್ನಿ, ನಿಧಾನಕ್ಕೆ ಹೆಜ್ಜೆ ಇಡೇ, ಮಂಚ ಅಲ್ಲಾಡ್ತೈತೆ" ಎಂದರು. ಮೊದಲು ದಿನಕ್ಕೆ ಹತ್ತು ಸಲ ನನ್ನನ್ನು ಬೈಯುತ್ತಿದ್ದ ಮಾತು ಅದು.

ಶಾಮಲಮ್ಮನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೋಲಾರಕ್ಕೆ ಹೋಗಿದ್ದಳಂತೆ.


ಆಗಸ್ಟ್ 11, ಶನಿವಾರ

ಬೆಳಿಗ್ಗೆ ಅಂಬಲಿ ಅರ್ಧ ಲೋಟ. ಅದರಲ್ಲೂ ಉಳಿಯಿತು. ಉಳಿದದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಮುಚ್ಚಿ ಮೂಲೆಯಲ್ಲಿಟ್ಟೆ. ಸಂಜೆ ನೋಡಿದರೆ ಲೋಟ ಖಾಲಿ. ಬೆಕ್ಕು ಇರಬೇಕು.

ಬೆಕ್ಕು ಕುಡಿದು ಮತ್ತೆ ಮುಚ್ಚಳ ಮುಚ್ಚುವುದಿಲ್ಲ. ಅದು ಈಗ ಬರೆಯುವಾಗ ಹೊಳೆಯಿತು.


ಆಗಸ್ಟ್ 29, ಬುಧವಾರ, ಗೌರಿ ಹಬ್ಬ

ಇಪ್ಪತ್ತು ಮನೆಗೆ ಬಾಗಿನ ಕೊಡುತ್ತಿದ್ದವಳು ನಾನು. ಇವತ್ತು ಮೊರ ಹಿಡಿದು ಬಂದ ಶಾಮಲಮ್ಮನನ್ನು ಅತ್ತೆ ಹೊಸಿಲಲ್ಲೇ ತಡೆದರು. "ಈಗಲೇ ಈಯಮ್ಮನಿಗೆ ಬಾಗಿನ ಕೊಡಬೇಡ ಕಣೇ. ಮೊದಲನೆಯವಳಿಗೆ ಎಡೆ ಇಟ್ಟಿಲ್ಲ, ಬಿಲ್ಲೆ ಕಟ್ಟಿಲ್ಲ. ಮೊದಲನೆಯವಳು ಹಸಿದು ನಿಂತಿರುವಾಗ ಎರಡನೆಯವಳ ಉಡಿ ತುಂಬ್ತಾರಾ?"

"ಅಜ್ಜಿ, ಇವಳೇ ರತ್ನಕ್ಕ! ನಮ್ಮೂರಿಗೆಲ್ಲ ಗೊತ್ತು. ಹುಡುಗಾಟಕ್ಕೆ ಅಂದಿದ್ದೆ ನಾನು." ಎಂದಳು ಶಾಮಲಮ್ಮ. ತಾನೇ ಹಚ್ಚಿದ ಬೆಂಕಿ ಎಂದು ಅವಳಿಗೂ ಗೊತ್ತು.

"ನೀನೇ ಅಲ್ವೇನೇ ಕುಯ್ದವ್ರೆ ಅಂತ ಬಂದು ಹೇಳಿದ್ದು?"

ಶಾಮಲಮ್ಮ ಮೊರವನ್ನು ಜಗಲಿಯ ಮೇಲೆ ಇಟ್ಟು ಹೊರಟುಹೋದಳು. ಶ್ರೀನಿವಾಸಪುರದಿಂದ ಮಗಳು ಹಬ್ಬಕ್ಕೆ ಬಂದಿದ್ದಾಳೆ. "ಅಜ್ಜೀ, ಇವಳು ನನ್ನಮ್ಮ ಕಣಜ್ಜೀ" ಎಂದು ಅತ್ತಳು. ಅತ್ತೆ ಅವಳ ಕಣ್ಣೊರಸಿ, "ತಾಯಿ ಇಲ್ಲದ ಮಗು. ಅಮ್ಮ ಅಂತ ಕರೀತೈತೆ, ಒಳ್ಳೇದೇ" ಎಂದರು.

ಆಮೇಲೆ ಮಗನನ್ನು ಕರೆದು ಹೇಳಿದರು. ರತ್ನಿಗೆ ಬಿಲ್ಲೆ ಮಾಡಿಸಿ, ಎಡೆ ಇಡುವವರೆಗೂ ಈ ಮನೆಯ ಒಲೆಯಲ್ಲಿ ಬೆಂದದ್ದು ತಾನು ಮುಟ್ಟುವುದಿಲ್ಲ.


ಸೆಪ್ಟೆಂಬರ್ 3, ಸೋಮವಾರ

ಅತ್ತೆ ಉಪವಾಸ ಕೂತು ಆರು ದಿನ. ನೀರು, ಹಸಿಹಾಲು ಎರಡು ಗುಟುಕು, ಒಂದು ಬಾಳೆಹಣ್ಣು. ಅಷ್ಟೇ. ಬೈರಕೂರಿನಿಂದ ಡಾಕ್ಟರನ್ನು ಕರೆಸಿದ್ದೆವು. ನಾಡಿ ನೋಡಿ, "ಹೀಗೇ ಆದ್ರೆ ಈ ತಿಂಗಳು ದಾಟೋಲ್ಲ. ಹೇಗಾದ್ರೂ ಮಾಡಿ ಊಟ ಮಾಡ್ಸಿ" ಎಂದರು.

ನಾನೂ ಎರಡು ಗುಟುಕು ಹಾಲು, ಒಂದು ಬಾಳೆಹಣ್ಣು. ನನಗದು ಹೊಟ್ಟೆ ತುಂಬುತ್ತದೆ. ಅವರಿಗೆ ತುಂಬುವುದಿಲ್ಲ.


ಸೆಪ್ಟೆಂಬರ್ 8, ಶನಿವಾರ

ಕುರುಡುಮಲೆಗೆ ಹೋಗಿ ಬಂದೆ. ಅಷ್ಟೆತ್ತರದ ಗಣಪತಿ, ಅಷ್ಟಗಲದ ಹೊಟ್ಟೆ. ಎಲ್ಲರೂ ನನ್ನ ಮೈ ನೋಡಿ ನಗುವಾಗ ಅವನೊಬ್ಬನ ಮುಂದೆ ನಾಚಿಕೆಯಾಗುತ್ತಿರಲಿಲ್ಲ. ನೀನೂ ಹೀಗೇ ಇದ್ದೀಯಲ್ಲಪ್ಪ ಎಂದು ಬಹಳ ಸಲಿಗೆಯಿಂದ ಮಾತಾಡುತ್ತಿದ್ದೆ. ಇವತ್ತು ಆ ಸಲಿಗೆ ಬರಲಿಲ್ಲ. ಹೊಸದಾಗಿ ಬಂದವರ ಹಾಗೆ ಕಂಬದ ಹತ್ತಿರ ನಿಂತೆ. ನನ್ನ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ದಾರಿ ಬಿಡಲೆಂದು ಪಕ್ಕಕ್ಕೆ ಸರಿದೆ. ಯಾರೂ ಇರಲಿಲ್ಲ. ಹೊರಗೆ ಒಳ್ಳೆಯ ಬಿಸಿಲು, ಅರ್ಚಕರು ಹೂ ಕಟ್ಟುತ್ತಾ ಕೂತಿದ್ದರು.

ಮನೆಗೆ ಬಂದು ಯಜಮಾನರಿಗೆ ಹೇಳಿಬಿಟ್ಟೆ, ಬಿಲ್ಲೆ ಕಟ್ಟಿಕೊಳ್ಳುತ್ತೇನೆ ಎಂದು.

"ತಲೆ ಕೆಟ್ಟಿದ್ಯಾ ನಿನಗೆ? ಬದುಕಿರೋಳು ತನಗೆ ತಾನೇ ಎಡೆ ಇಟ್ಕೊಳ್ಳೋದಾ?"

"ನಿಮ್ಮಮ್ಮ ಸಾಯ್ತಾರೆ."

"ಎಂಬತ್ತು ವರ್ಷ ಆಯ್ತು ಅವಳಿಗೆ. ನಿನಗೇನಾಗಿದೆ?"

"ನನಗೇನಾಗ್ತದೆ? ಬರೀ ಬೆಳ್ಳಿ. ಒಂದು ಹೊತ್ತಿನ ಅಡುಗೆ. ಅವಳು ಉಂಡು ಸಮಾಧಾನವಾಗಿ ಹೋಗಲಿ."

"ಅವಳು ಅಂದ್ರೆ ಯಾರೇ?" ಎಂದರು. ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ರತ್ನಿಯ ಮಾತಲ್ಲವೇ ನಾವು ಆಡುತ್ತಿದ್ದದ್ದು?


ಸೆಪ್ಟೆಂಬರ್ 14, ಶುಕ್ರವಾರ

ಕಾಲುಂಗುರಗಳು ಬೆರಳಲ್ಲಿ ನಿಲ್ಲದೆ ಜಾರಿ ಜಾರಿ ಬೀಳುತ್ತಿದ್ದವು. ಅವುಗಳನ್ನೇ ಮುಳಬಾಗಿಲಿನ ಬೆಳ್ಳಿ ಆಚಾರಿಗೆ ಕೊಟ್ಟು, ಕಾಲಿಗೆ ಸಣ್ಣವು ಎರಡು ಜೊತೆ, ಉಳಿದದ್ದರಲ್ಲಿ ಒಂದು ಬಿಲ್ಲೆ ಎಂದೆ.

"ಮೊದಲನೆಯೋರು ಯಾವಾಗ ಹೋದ್ರಮ್ಮಾ?"

"ಏಪ್ರಿಲ್‌ನಲ್ಲಿ. ಮದರಾಸಿನಲ್ಲಿ."

"ಮಕ್ಕಳು?"

"ಒಬ್ಬಳು ಮಗಳು. ಮದುವೆಯಾಗಿದೆ."

"ಪುಣ್ಯಾತ್ಗಿತ್ತಿ, ಮುತ್ತೈದೆಯಾಗಿ ಹೋದ್ರು. ಹೆಸರು?"

ಹೇಳಿದೆ. ಬಿಲ್ಲೆಯ ಹಿಂಬದಿಗೆ ಒಂದು "ವೆಂ" ಕೊರೆದ. ಹೀಗೆ ಬಾಯಿಗೆ ಬಂದ ಹಾಗೆ ಸುಳ್ಳು ಹೇಳಿದೆನಲ್ಲ ಎಂದು ದಾರಿಯಲ್ಲಿ ಯೋಚಿಸಿದೆ. ಯಾವುದು ಸುಳ್ಳು ಎಂದು ಹುಡುಕಿದೆ. ಒಂದೊಂದಾಗಿ ನೋಡಿದರೆ ಯಾವುದೂ ಅಲ್ಲ.

ಹೊಲಿದ ರವಿಕೆ ತರಲು ಹೋದಾಗ ರಹಮತುನ್ನೀಸಾಗೆ ಎಲ್ಲ ಹೇಳಿದೆ. ಆಕೆ ಹೊಲಿಗೆ ನಿಲ್ಲಿಸಿ ನನ್ನ ಎರಡೂ ಕೈ ಹಿಡಿದಳು. "ಅಮ್ಮಾ, ಮುದುಕಿಗೆ ಕಣ್ಣಿಲ್ಲ. ನಿಮಗೆ ಇದೆಯಲ್ಲ? ಬೇಡ. ಮದರಾಸಿಗೆ ಬೇಗ ಹೋಗಿ, ಡಾಕ್ಟರಿಗೆ ತೋರಿಸಿ. ಈ ರವಿಕೆಗೆ ಅಳತೆ ತೆಗೆದು ಎರಡೇ ತಿಂಗಳು, ಆಗಲೇ ಸಡಿಲ ಆಗಿದೆ." ಮತ್ತೆ ಟೇಪು ಹಿಡಿದು ಸುತ್ತಿದಳು. ಎಷ್ಟು ಬಂತು ಎಂದು ಕೇಳಿದರೆ ಹೇಳಲಿಲ್ಲ.

ಒಳ್ಳೆಯ ಹೆಂಗಸು. ರತ್ನಿಯ ಮೇಲೆ ಬಹಳ ಪ್ರೀತಿ ಆಕೆಗೆ.


ಸೆಪ್ಟೆಂಬರ್ 24, ಸೋಮವಾರ, ಹಿರಿಯರ ಅಮಾವಾಸ್ಯೆ

ಎಲ್ಲ ಸಾಂಗವಾಗಿ ನಡೆಯಿತು. ದೇವರು ದೊಡ್ಡವನು. ಅತ್ತೆ ಉಂಡರು. ಅದನ್ನು ಮೊದಲು ಬರೆದುಬಿಡುತ್ತೇನೆ.

ಬೆಳಿಗ್ಗೆ ನಾಲ್ಕಕ್ಕೇ ಎದ್ದು ಸ್ನಾನ ಮಾಡಿ ಒಲೆ ಹಚ್ಚಿದೆ. ರತ್ನಿಗೆ ಏನೇನು ಇಷ್ಟ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಜ್ಜಾಯ, ಒಬ್ಬಟ್ಟು, ವಡೆ, ಹುರುಳಿಕಾಳಿನ ಬಸ್ಸಾರು, ಮೇಲೆ ಬೆಣ್ಣೆ ಇಟ್ಟ ಮುದ್ದೆ. ಮುದ್ದೆಯನ್ನು ಅವಳು ಕಟ್ಟುತ್ತಿದ್ದ ಅಳತೆಗೇ ಕಟ್ಟಿದೆ. ನನ್ನ ಕೈಗೆ ಸುತ್ತು ಹಾಕಲಾಗದೆ ಮರದ ಹಲಗೆಯ ಮೇಲಿಟ್ಟು ತೋಳಿನಿಂದ ಉರುಳಿಸಿದೆ. ನಾನು ಒಂದು ಅಗುಳೂ ಬಾಯಿಗೆ ಹಾಕಲಿಲ್ಲ. ಎಡೆ ಇಡುವವರು ಮೊದಲು ತಿನ್ನಬಾರದು.

ಒಳಕೋಣೆಯಲ್ಲಿ ಕಳಶವಿಟ್ಟು, ಪಕ್ಕದಲ್ಲಿ ಅವಳ ಕೆಂಪು ಸೀರೆ, ನಾನು ತೆಗೆದಿಟ್ಟಿದ್ದ ರವಿಕೆ. ಮಡಿಸಿಟ್ಟರೂ ಆ ರವಿಕೆಯ ತೋಳು ಉಬ್ಬಿಕೊಂಡೇ ಇತ್ತು. ಮುಂದೆ ಮಣೆ, ಅಗಲದ ಬಾಳೆಎಲೆ. ಬಿಲ್ಲೆಯನ್ನು ಕಳಶದ ಬುಡದಲ್ಲಿಟ್ಟೆ.

ಯಜಮಾನರು ಹಿಪ್ಪುನೇರಳೆ ತೋಟದಲ್ಲಿ ಹೋಗಿ ಕೂತಿದ್ದರು. ಅತ್ತೆ ತಾವೇ ಗೋಡೆ ಹಿಡಿದು ಹೊಸಿಲವರೆಗೆ ಬಂದು, "ಲೋ ಚನ್ನ, ಮೂವತ್ತೆರಡು ವರ್ಷ ಮುದ್ದೆ ಹಾಕ್ದೋಳು ಕಣೋ. ಒಂದು ಊದುಬತ್ತಿ ಹಚ್ಚೋ" ಎಂದು ಕೂಗಿದರು. ಇಪ್ಪತ್ತಾರು ದಿನ ಉಪವಾಸವಿದ್ದವರ ಧ್ವನಿ. ಯಜಮಾನರು ಬಂದರು. ಊದುಬತ್ತಿ ಹಚ್ಚಿದರು. ನನ್ನ ಕಡೆ ನೋಡಿದರು, ಸೀರೆಯ ಕಡೆ ನೋಡಿದರು, ಗಟ್ಟಿಯಾಗಿ ಅತ್ತುಬಿಟ್ಟರು. ನಾನು ಸಮಾಧಾನ ಮಾಡಿದೆ. ಹೆಂಡತಿಯನ್ನು ಕಳೆದುಕೊಂಡ ಗಂಡಸು, ಅಳದೆ ಇರುತ್ತಾರೆಯೇ?

ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಬಾಗಿಲು ಮುಂದಕ್ಕೆ ಎಳೆದು ಮೂವರೂ ಜಗಲಿಗೆ ಬಂದೆವು. ಸರಿಯಾಗಿ ಮಧ್ಯಾಹ್ನ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ, ನೆರಳೂ ಇಲ್ಲ. ಎದುರುಮನೆ ಬಾಗಿಲಲ್ಲಿ ಶಾಮಲಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಚಪ್ಪಡಿ ಮೇಲೆ ದಿಮ್. ಮತ್ತೆ ದಿಮ್. ಮಣೆ ಸರಿದ ಸದ್ದು. ಭಾರದ ಮೈಯವರು ಕೂರುವಾಗ ಬಿಡುವ ನಿಟ್ಟುಸಿರು, ಮಂಡಿ ನೋವಿನವರದು.

"ಬಂದ್ಲು" ಎಂದರು ಅತ್ತೆ. ಮುಖ ಅರಳಿತು.

"ಹೆಗ್ಗಣ ಇರ್ಬೇಕು" ಎಂದರು ಯಜಮಾನರು. ಹೇಳಿದವರು ಬಾಗಿಲ ಕಡೆ ಒಂದು ಹೆಜ್ಜೆಯೂ ಇಡಲಿಲ್ಲ.

ಕೆಮ್ಮಿ ಸದ್ದು ಮಾಡಿ ನಾನೇ ಬಾಗಿಲು ತೆಗೆದೆ. ಮುದ್ದೆ ಅರ್ಧ ಇರಲಿಲ್ಲ. ಕಚ್ಚಿದ್ದಲ್ಲ, ಬೆರಳಿನಿಂದ ತುತ್ತು ತುತ್ತಾಗಿ ಮುರಿದದ್ದು. ಸಾರಿನ ಹನಿ ಎಲೆಯಿಂದ ಮಣೆಯವರೆಗೆ ಸಾಲಾಗಿ ಬಿದ್ದಿತ್ತು. ಕಜ್ಜಾಯ ಒಂದೂ ಉಳಿದಿರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಪಾಪ, ಏಪ್ರಿಲ್‌ನಿಂದ ಹಸಿದಿದ್ದಳು.

ಅತ್ತೆ ಬಿಲ್ಲೆಯನ್ನು ಅರಿಶಿನದ ದಾರಕ್ಕೆ ಪೋಣಿಸಿ ತಮ್ಮ ಕೈಯಿಂದಲೇ ನನ್ನ ಕೊರಳಿಗೆ ಕಟ್ಟಿದರು. ನಾಲ್ಕಾಣೆಯಷ್ಟಗಲದ ತೆಳು ಬೆಳ್ಳಿ. ಅದು ಎದೆಯ ಮೇಲೆ ಕೂತ ಕೂಡಲೇ ಮಂಡಿ ಬಗ್ಗಿತು. ಗೋಡೆ ಹಿಡಿದುಕೊಂಡೆ. ಆಪರೇಷನ್ ಆದಾಗಿನಿಂದ ಮಂಡಿ ನೋವು ಇರಲಿಲ್ಲ, ಆ ಗಳಿಗೆಯಲ್ಲಿ ಮತ್ತೆ ಬಂತು.

ಆಮೇಲೆ ಅತ್ತೆ ಉಂಡರು. ನನ್ನ ಕೈಯಿಂದ, ನಾನು ಕಲಸಿ ಕೊಟ್ಟದ್ದು. ಮೊದಲು ಬರೀ ಸಾರು ಅನ್ನ, ಆಮೇಲೆ ಒಂದು ವಡೆ, ಒಬ್ಬಟ್ಟಿನ ಅರ್ಧ. "ಒಳ್ಳೆ ಕೈ ಕಣೇ ನಿಂದು" ಎಂದರು. ನೀವು ಹೋಗಿ ನೀನು ಆಯಿತು. ಕಣೇ ಎಂದರು. ಜೂನ್ ತಿಂಗಳಿಂದ ಆ ಒಂದು ಮಾತಿಗೆ ಕಾದಿದ್ದೆ. ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ, ಸಂತೋಷಕ್ಕೆ.

ನಾನು ಮೊದಲ ತುತ್ತು ಬಿಲ್ಲೆಗೆ ಮುಟ್ಟಿಸಿದೆ. ಎರಡನೆಯದು ನನಗೆ ಬೇಕಾಗಲಿಲ್ಲ.


ಸೆಪ್ಟೆಂಬರ್ 27, ಗುರುವಾರ

ಅತ್ತೆ ಎದ್ದು ಓಡಾಡುತ್ತಿದ್ದಾರೆ. ನಿನ್ನೆ ಶಾಮಲಮ್ಮ ಬಂದು ಬಾಗಿನ ಕೊಟ್ಟು ಹೋದಳು. ಕೊಡುವಾಗ ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು. ಹುಳುಮನೆಗೂ ಹೋಗಬಹುದು ಎಂದು ಅತ್ತೆ ಅಪ್ಪಣೆ ಕೊಟ್ಟಿದ್ದಾರೆ.

ಯಜಮಾನರು ಮಾತ್ರ ದಿನವೂ, "ಅವಳು ಉಂಡಳಲ್ಲ, ಇನ್ನು ಅದನ್ನ ತೆಗೆದುಬಿಡು" ಅನ್ನುತ್ತಾರೆ. ತೆಗೆಯಲಾಗುತ್ತದೆಯೇ? ನಾನು ತುತ್ತು ಮುಟ್ಟಿಸದಿದ್ದರೆ ಅವಳಿಗೆ ಬೇರೆ ಯಾರಿದ್ದಾರೆ?

ಮದರಾಸಿನಿಂದ ಕದಿರಪ್ಪನ ಕಾಗದ ಬಂದಿದೆ. ಒಂದನೇ ತಾರೀಕು ಆಸ್ಪತ್ರೆಗೆ ಬರಲೇಬೇಕಂತೆ, ತೂಕ ನೋಡಬೇಕಂತೆ, ಚೀಟಿ ಜೊತೆಗಿಟ್ಟಿದ್ದಾನೆ. ಚೀಟಿಯಲ್ಲಿ ವೆಂಕಟರತ್ನಮ್ಮ ಎಂದಿದೆ. ಅದನ್ನು ಅವಳ ಸೀರೆಯ ಮಡಿಕೆಯಲ್ಲಿಟ್ಟು ಪೆಟ್ಟಿಗೆ ಮುಚ್ಚಿದೆ. ಪಾಪ ಕದಿರಪ್ಪ, ಒಬ್ಬಳೇ ಅಕ್ಕ ಅವನಿಗೆ. ಯಾರಾದರೂ ಬರೆದು ತಿಳಿಸಬೇಕಿತ್ತು.

ಈ ನೋಟುಬುಕ್ಕಿನ ಮುಂದಿನ ಪುಟಗಳು ಅಮಾವಾಸ್ಯೆಯಿಂದ ಖಾಲಿ ಇವೆ. ಯಾರು ತಿಂದದ್ದೆಂದು ಬರೆಯಲಿ?

ಇವತ್ತು ಊಟಕ್ಕೆ ಕೂತಾಗ ಅತ್ತೆ ಕೈ ಚಾಚಿ ನನ್ನ ಕೊರಳಿನ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿ, "ಹೊಟ್ಟೆ ತುಂಬ್ತೇನೇ?" ಎಂದು ಕೇಳಿದರು. ಬಾಯಿ ತೆರೆದಿದ್ದೆ. ನನ್ನನ್ನು ಕೇಳಿದ್ದಲ್ಲ ಎಂದು ನೆನಪಾಗಿ ಮುಚ್ಚಿಕೊಂಡೆ. ಅತ್ತೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ, "ಸರಿ ಸರಿ" ಎಂದು ಉಣ್ಣತೊಡಗಿದರು.

ಇದನ್ನು ಬರೆಯುತ್ತಿರುವಾಗ ಯಜಮಾನರು ತೋಟದ ಕಡೆಯಿಂದ "ರತ್ನಾ" ಎಂದು ಕೂಗಿದರು. ಎರಡು ಸಲ ಕೂಗಿದರು. ಮೂರನೇ ಸಲ ಕೂಗುವಾಗ ಅಳುವಿನ ಹಾಗಿತ್ತು. ಹೋದವರನ್ನು ಹೀಗೆ ಹೆಸರು ಹಿಡಿದು ಕೂಗಬಾರದು. ಅವರಿಗೆ ಮೆಲ್ಲಗೆ ಹೇಳಬೇಕು.